ಕಾಡಿಗೆ ಕೂಗಿದ ಮಾತು

"ಬಾಯ್ ಬಿಡಾ ಬೋಳಿಮಗ್ನೆ! ನಿಮ್ಮ್ ಭಾಷಿ ಆಡ್ ಅಂದ್ರೆ ಬಾಯಿಗ್ ಮಣ್ಣ್ ಹಾಯ್ಕಂಡಾಂಗೆ ನಿಂತಿದ್ಯಲಾ!"

ಜಗಲಿಯ ಮೇಲಿಂದ ನಮ್ಮ ಒಡೆಯ ವೈಕುಂಠಯ್ಯ ಎಸೆದ ತೆಂಗಿನ ಗರಿಯ ಕೊತ್ತಳಿಗೆ ದಿಂಡು ನನ್ನ ಗಂಡ ಸೂರನ ಭುಜಕ್ಕೆ ಬಡಿದು ಕಾಲ ಬುಡಕ್ಕೆ ಬಿತ್ತು. ಸೂರ ಬಗ್ಗಿ ಅದನ್ನೆತ್ತಿ ಬೇಲಿಯ ಬದಿಗಿಟ್ಟ. ನಮ್ಮ ಮೇಲೆ ಎಸೆದದ್ದನ್ನು ಎತ್ತಿಡುವುದೂ ನಮ್ಮದೇ ಕೆಲಸವಾಗಿತ್ತು. ಕೊರಗರಾದ ನಮ್ಮನ್ನು ಮುಟ್ಟಿ ಹೊಡೆದರೆ ಒಡೆಯರು ಮತ್ತೊಮ್ಮೆ ಮೀಯಬೇಕು, ಹಾಗಾಗಿ ಅವರ ಪೆಟ್ಟು ಯಾವಾಗಲೂ ದೂರದಿಂದಲೇ ಬರುತ್ತಿತ್ತು. ಹತ್ತಿರದ ಪೆಟ್ಟಿಗೆ ಅವರ ಪಾರುಪತ್ಯ ನೋಡುವ ಚಂದಯ್ಯ ಇದ್ದ.

"ಆಡ್ತೆ ಒಡ್ಯಾ. ಎಂತ ಆಡುದ್?"

"ನೀವ್ ನೀವೇ ಗುಸುಗುಸು ಅಂಬ್ರಿಯಲಾ, ಅದ್!"

"ಅದೂ ಕನ್ನಡವೇ ಒಡ್ಯಾ. ನಮ್ಗೆ ಬೇರೆ ಎಂತ ಇತ್ತ್?"

ಈ ಸಲ ಕಲ್ಲು ಬಂತು. ಸೂರನ ಹುಬ್ಬಿನ ಮೇಲೆ ಚರ್ಮ ಬಿರಿದು ರಕ್ತ ಕಣ್ಣಿಗೆ ಇಳಿಯಿತು. ಅವನು ಒರೆಸಿಕೊಳ್ಳಲಿಲ್ಲ. ನಾನೂ ಅವನ ತಂಗಿ ಸುಗುಣಳೂ ತಲೆಯ ಮೇಲಿನ ಹೆಡಿಗೆಗಳನ್ನು ಇಳಿಸದೆ ಬೇಲಿಯ ದಾಟುಗಂಡಿಯಾದ ದಣಪೆಯ ಹೊರಗೆ ಹಾಗೇ ನಿಂತಿದ್ದೆವು. ಕೊಯ್ಲಿಗೆಂದು ನೇಯ್ದ ಹೆಡಿಗೆ ಬುಟ್ಟಿ, ಗೆರಸೆ ಒಪ್ಪಿಸಲು ಬಂದವರು ನಾವು. ಇಳಿಸು ಎನ್ನುವವರೆಗೆ ಇಳಿಸುವಂತಿರಲಿಲ್ಲ.

"ಹೊಡೀಬೇಡಿ ಮಾವಯ್ಯ," ಎಂದ ಜಗಲಿಯ ಮೇಲೆ ಕುಳಿತಿದ್ದ ಕನ್ನಡಕದವ. "ಹೆದರಿಸಿದ್ರೆ ಭಾಷೆ ಹೊರಗೆ ಬರೂದಿಲ್ಲ."

ಅವನು ವೈಕುಂಠಯ್ಯನ ತಂಗಿಯ ಮಗ ವಿಷ್ಣುಮೂರ್ತಿ. ಮದರಾಸಿನ ಯಾವುದೋ ಕಾಲೇಜಿನಲ್ಲಿ ಪಾಠ ಹೇಳುವವನು. ಯುದ್ಧದ ಕಾಲ ಅದು. ಪೆಟ್ರೋಲಿಲ್ಲದೆ ಇದ್ದಲಿನ ಹೊಗೆಯಲ್ಲಿ ಏದುಸಿರು ಬಿಡುತ್ತ ಓಡುವ ಬಸ್ಸು ಹತ್ತಿ ವಂಡ್ಸೆಗೆ ಬಂದು, ಅಲ್ಲಿಂದ ನಡೆದು, ಕೆರಾಡಿ ಕಾಡಿನ ಅಂಚಿನ ನಮ್ಮೂರಿಗೆ ತಲುಪಿದ್ದ. ಈ ಕರಾವಳಿಯಲ್ಲಿ ಯಾರು ಯಾವ ಭಾಷೆ ಆಡುತ್ತಾರೆ, ಯಾರ ಹತ್ತಿರ ಯಾವುದನ್ನು ಆಡುತ್ತಾರೆ ಎಂದು ತಿಳಿದು ಬರೆಯುವುದು ಅವನ ಕೆಲಸವಂತೆ. ಬ್ರಹ್ಮಾವರದ ಕಡೆ ತುಳು ಕೇಳಿ ಬಂದಿದ್ದ, ಬೈಂದೂರಿನ ಪೇಟೆಯಲ್ಲಿ ಕೊಂಕಣಿ ಕೇಳಿ ಬಂದಿದ್ದ. ಉಳಿದದ್ದು ನಮ್ಮದು.

"ಒಂದೇ ಜಿಲ್ಲೆಯಂಗೆ ಎಷ್ಟ್ ಭಾಷೆ ಕಾಣಿ ಮಾವಯ್ಯ! ಒಂದಕ್ಕೊಂದು ಜಗಳ ಇಲ್ಲದೆ ಬಾಳ್ತಾ ಇವೆ. ಪ್ರಪಂಚಕ್ಕೇ ಇದೊಂದು ಪಾಠ," ಎಂದು ಅವನು ಸಂತೋಷದಿಂದ ಹೇಳುತ್ತಿದ್ದಾಗ ಸೂರನ ರಕ್ತ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

ಜಗಳವಿಲ್ಲದೆ ಬಾಳುವುದು ಹೇಗೆಂದು ನಾನು ಹೇಳುತ್ತೇನೆ. ಒಡೆಯರ ಹತ್ತಿರ ನಾವು ಕನ್ನಡ ಆಡಬೇಕು. ಕಳ್ಳು ಇಳಿಸಲು ತೆಂಕಲಿಂದ ಬಂದವರ ಹತ್ತಿರ ತುಳು. ಅಂಗಡಿಯವರ ಹತ್ತಿರ ಉಪ್ಪು, ಹೊಗೆಸೊಪ್ಪು ಕೇಳುವಷ್ಟು ಕೊಂಕಣಿ. ಅವರೆಲ್ಲ ತಮ್ಮ ತಮ್ಮ ಭಾಷೆಯಲ್ಲಿ ನಮ್ಮನ್ನು ಬೈಯುತ್ತಿದ್ದರು, ನಾವು ಅವರವರ ಭಾಷೆಯಲ್ಲೇ ಹೌದು ಎನ್ನುತ್ತಿದ್ದೆವು. ನಮ್ಮ ಮಾತನ್ನು ಮಾತ್ರ ಯಾರೂ ಕಲಿಯಲಿಲ್ಲ. ನಮ್ಮ ನೆರಳು ಬಿದ್ದರೆ ಮೀಯುವವರು ನಮ್ಮ ಮಾತನ್ನು ಬಾಯಿಗೆ ಹಾಕಿಕೊಳ್ಳುತ್ತಾರೆಯೇ? ಅವರ ಮಡಿಯೇ ಅದಕ್ಕೆ ಬೇಲಿಯಾಗಿತ್ತು.

ಆ ಬೇಲಿಯ ಒಳಗೆ ನಾವು ಬದುಕಿದ್ದೆವು. ಕೊಯ್ಲಿನ ಗದ್ದೆಯಲ್ಲಿ ಬಗ್ಗಿಕೊಂಡೇ, ಚಂದಯ್ಯನ ಎದುರಿಗೇ, "ಇವ ಇವತ್ತು ಕುಡಿದಿದ್ದಾನೆ, ಕಿರಿಯವಳನ್ನು ತೋಡಿನ ಕಡೆ ಒಬ್ಬಳನ್ನೇ ಬಿಡಬೇಡಿ" ಎಂದು ಪದ ಹೇಳಿದ ಹಾಗೆ ಹೇಳುತ್ತಿದ್ದೆವು. ಅವನು ತಲೆಯಾಡಿಸುತ್ತ ಕೇಳುತ್ತಿದ್ದ. ಹಾಗೆ ಉಳಿದುಕೊಂಡ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ ಜನ. ನಾನೂ ಒಬ್ಬಳು. ಆ ಮಾತಿನ ಒಂದು ಶಬ್ದವನ್ನೂ ಇಲ್ಲಿ ನಾನು ನಿಮಗೆ ಕೊಡುವುದಿಲ್ಲ. ನಾವು ನಾವೇ ಆಡಿದ್ದನ್ನೆಲ್ಲ ನಿಮ್ಮ ಕುಂದಾಪುರದ ಕನ್ನಡಕ್ಕೆ ತಿರುಗಿಸಿಯೇ ಹೇಳುತ್ತೇನೆ. ಯಾಕೆಂದು ಮುಂದೆ ತಿಳಿಯುತ್ತದೆ.

"ಅವರ ಕೊಪ್ಪಕ್ಕೇ ಹೋಗ್ತೆ ಮಾವಯ್ಯ," ಎಂದ ವಿಷ್ಣುಮೂರ್ತಿ. "ಮನೆಯಲ್ಲಿ ಮನುಷ್ಯ ಸಲೀಸಾಗಿ ಮಾತಾಡ್ತಾನೆ."

"ಅಯ್ಯೋ ಮಾರಾಯ, ಅಲ್ಲಿಗ್ ಹೋಯ್ಕಾ ನೀನ್?" ವೈಕುಂಠಯ್ಯನ ಮುಖ ಹುಳಿಯಾಯಿತು. "ಆಯ್ತ್. ಬಪ್ಪತಿಗೆ ಹಿಂದ್ಗಡೆ ಬಾವಿ ಹತ್ರ ಮಿಂದ್ಕಂಡೇ ಒಳ್ಗ್ ಬರ್ಕ್. ಚಂದಯ್ಯ, ಇವ್ನ್ ಕೂಡೆ ಹೋಗಾ. ಆ ಹಡ್ಬಿಟ್ಟಿ ಮಕ್ಳ್ ನನ್ನ್ ಅಂಗ್ಳದಂಗೆ ಎಂತ ಮಾತಾಡ್ತೊ, ನಂಗೂ ಗೊತ್ತಾಯ್ಕ್ ಒಂದ್ ಸರ್ತಿ."

ಇಳಿಸು ಎಂದು ಕೊನೆಗೂ ಯಾರೂ ಹೇಳಲಿಲ್ಲ. ನಮ್ಮನ್ನು ಮರೆತೇ ಅವರು ಒಳಗೆ ಊಟಕ್ಕೆ ಎದ್ದು ಹೋದರು.

*

ಕೊಪ್ಪ ಎಂದರೆ ಸೊಪ್ಪು ಹೊದೆಸಿದ ಗುಡಿಸಲು. ನಮ್ಮವು ಗದ್ದೆ ಮುಗಿದು ಕಾಡು ಶುರುವಾಗುವಲ್ಲಿ ಒತ್ತೊತ್ತಾಗಿ ಇದ್ದವು. ಚಂದಯ್ಯ ಹೊತ್ತು ತಂದ ಮಣೆಯ ಮೇಲೆ ವಿಷ್ಣುಮೂರ್ತಿ ಕುಳಿತ. ಮಕ್ಕಳಿಗೆ ಅವಲಕ್ಕಿ ಬೆಲ್ಲ ಹಂಚಿದ, ಗಂಡಸರಿಗೆ ಹೊಗೆಸೊಪ್ಪು ಕೊಟ್ಟ. ಚಂದಯ್ಯ ಮರದ ಮರಿಗೆಯೊಂದರ ತುಂಬ ಕಳ್ಳು ತಂದಿಟ್ಟ.

ನನ್ನ ಅತ್ತೆ ಅಮ್ಮಣಿ ಮುಖ ತಿರುಗಿಸಿ ಬುಟ್ಟಿ ನೇಯುವ ಕಾಡುಬಳ್ಳಿಯ ಬೀಳು ಸೀಳುತ್ತ ಕುಳಿತಳು. ಕೊಪ್ಪದಲ್ಲಿ ಅವಳ ಮಾತೇ ಮಾತು. ಮುನ್ನಾ ದಿನವೇ ಎಲ್ಲರಿಗೂ ಹೇಳಿದ್ದಳು, "ಮೈ ಚರ್ಮ ಸುಲ್ದ್ರೂ ಒಬ್ರೂ ಒಂದ್ ಮಾತ್ ಕೊಡುಕಾಗ." ಸೂರನಿಗೆ ಹುಬ್ಬು ಒಡೆದರೂ ಅವನು ಕೊಟ್ಟಿರಲಿಲ್ಲ. ಆದರೆ ಅಮ್ಮಣಿಯ ಅಣ್ಣ ಬಚ್ಚನಿಗೆ ಕಳ್ಳಿನ ವಾಸನೆ ಮೂಗಿಗೆ ಬಂದರೆ ಕೈಕಾಲು ನಿಲ್ಲುತ್ತಿರಲಿಲ್ಲ. ಕೋಲು ಅವನ ಬಾಯಿಂದ ಏನನ್ನೂ ತೆಗೆಯುತ್ತಿರಲಿಲ್ಲ. ಮರಿಗೆ ತೆಗೆಯಿತು.

ನೀರಿಗೆ ಏನು, ಬೆಂಕಿಗೆ ಏನು, ಅಕ್ಕಿಗೆ ಏನು, ಹಸಿವಿಗೆ ಏನು ಎಂದು ವಿಷ್ಣುಮೂರ್ತಿ ಕೇಳುತ್ತ ಹೋದ, ಬಚ್ಚ ಕುಡಿಯುತ್ತ ಹೇಳುತ್ತ ಹೋದ. ನಮ್ಮ ಹಸಿವಿನ ಹೆಸರು ಅದನ್ನು ತಿರುಗಿ ಹೇಳಿದ ವಿಷ್ಣುಮೂರ್ತಿಯ ಬಾಯಿಯಿಂದ ಹೊರಗೆ ಬಿದ್ದಾಗ ನನಗೆ ಮೈಮೇಲಿನ ತುಂಡು ಬಟ್ಟೆಯನ್ನೂ ಯಾರೋ ಎಳೆದ ಹಾಗಾಯಿತು.

"ಬಚ್ಚ, ಕಾಡಿಗೆ ಹೋದ ಮಗಳನ್ನು ಅಬ್ಬೆ ಹ್ಯಾಗೆ ಕರೀತಾಳೆ?"

ಬಚ್ಚ ತೂರಾಡುತ್ತ ಎದ್ದು, ಕಿವಿಗೆ ಕೈಯಿಟ್ಟು ಕೂಗಿದ. ಬಾ, ನಾವೇ ಇರುವುದು, ಬೇರೆ ಯಾರೂ ಇಲ್ಲ ಎನ್ನುವ ನಮ್ಮ ಕೂಗು. ಅದರಲ್ಲಿ ಹೆಸರು ಇರುವುದಿಲ್ಲ. ಕಾಡಿನಲ್ಲಿ ನಾವು ಯಾರ ಹೆಸರನ್ನೂ ಹಿಡಿದು ಕರೆಯುವುದಿಲ್ಲ. ಗುಡ್ಡೆಯಲ್ಲಿ ಸೊಪ್ಪು ತರುತ್ತಿದ್ದ ಮಕ್ಕಳು ಆ ಕೂಗು ಕೇಳಿ ಹೊರೆ ಬಿಸಾಡಿ ಓಡಿ ಬಂದರು. ವಿಷ್ಣುಮೂರ್ತಿ ಚಪ್ಪಾಳೆ ತಟ್ಟಿ ನಕ್ಕ. ತಾನೂ ಕಿವಿಗೆ ಕೈಯಿಟ್ಟು ಕೂಗಿದ. ಬಚ್ಚ ತಿದ್ದಿದ. ಮತ್ತೆ ಕೂಗಿದ. ಬಚ್ಚ ಸರಿ ಎಂದು ತಲೆಯಾಡಿಸುವವರೆಗೆ ಬಿಡಲಿಲ್ಲ.

ಬದಿಯಲ್ಲಿ ನಿಂತಿದ್ದ ಚಂದಯ್ಯನೂ ಕೂಗಿ ನೋಡಿದ. ತುಳು, ಕೊಂಕಣಿ, ಬ್ಯಾರಿ ಎಲ್ಲ ಕಲಿತು ಪೇಟೆಯ ವ್ಯವಹಾರ ಮಾಡಿದ ಮನುಷ್ಯ. ಅವನಿಗೆ ಒಂದೇ ಸಲಕ್ಕೆ ಬಂತು. ಅವನ ಕಣ್ಣು ಸುಗುಣಳ ಮೇಲಿತ್ತು.

ಅಮ್ಮಣಿ ಒಲೆಯಿಂದ ಉರಿಯುವ ಕೊಳ್ಳಿ ಎಳೆದು ಬಚ್ಚನ ಮೇಲೆ ಎಸೆದಳು. ಅದು ಅವನ ತೊಡೆಗೆ ತಾಗಿ ಚುರುಗುಟ್ಟಿತು.

"ಕುಡ್ಕ್ ನಾಯಿ! ಎಂತ ಕೊಟ್ಟೆ ಅಂದೇಳಿ ಗೊತ್ತಿತ್ತಾ ನಿಂಗೆ?"

"ಬರೀ ಕರ್ಯೂ ಮಾತ್ ಅಲ್ದನಾ?" ಬಚ್ಚ ತೊಡೆ ತಿಕ್ಕಿಕೊಂಡ. "ಅವ್ರೆಂತ ನಮ್ಮನ್ ಕರೂಕೆ ಬತ್ರಾ?"

ನಮ್ಮ ಮಾತಿನಲ್ಲೇ ನಡೆದ ಈ ಜಗಳವನ್ನೂ ವಿಷ್ಣುಮೂರ್ತಿ ಕಿವಿಗೊಟ್ಟು ಕೇಳಿದ. ಅರ್ಥವಾಗದಿದ್ದರೂ ಖುಷಿಪಟ್ಟ. ಹೊರಡುವಾಗ ಅಮ್ಮಣಿಯ ಎದುರು ನಿಂತು, ಪಾಪ, ಕೈಯನ್ನೂ ಮುಗಿದ. "ಅಮ್ಮಣಿ, ನನ್ನ ಮೇಲೆ ಸಿಟ್ಟು ಮಾಡಬೇಡಿ. ನಿಮ್ಮ ಭಾಷೆ ಸಾಯಬಾರದು. ಅದು ಉಳಿಯಬೇಕು. ಅದಕ್ಕಾಗಿ ಬಂದವ ನಾನು."

ಅಮ್ಮಣಿ ಅವನಿಗೆ ಅರ್ಥವಾಗಲೆಂದು ಕನ್ನಡದಲ್ಲೇ ಕೇಳಿದಳು, "ಭಾಷಿ ಉಳೀಕಾ ಒಡ್ಯಾ? ನಾವ್ ಸತ್ರೆ ಅಡ್ಡಿಲ್ಯಾ?"

ಅವನು ನಕ್ಕ. ಚೆನ್ನಾಗಿ ಹೇಳಿದಿರಿ ಎಂದ.

*

ಮರುದಿನ ಸುಗುಣ ಬೀಳು ಕಡಿದು ಹೊರೆ ಹೊತ್ತು ಗದ್ದೆಯ ಅಂಚಿನಲ್ಲಿ ಬರುತ್ತಿದ್ದಳು. ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ. ದಾರಿಯಲ್ಲಿ ವೈಕುಂಠಯ್ಯನ ಆಲೆಮನೆ. ಕಬ್ಬು ಅರೆಯುವ ಕಾಲವಲ್ಲದ್ದರಿಂದ ಅದು ಖಾಲಿ ಬಿದ್ದಿತ್ತು. ಒಳಗಿಂದ ನಮ್ಮ ಕೂಗು ಕೇಳಿತು. ಬಾ, ನಾವೇ ಇರುವುದು, ಬೇರೆ ಯಾರೂ ಇಲ್ಲ.

ಕುಡಿದು ಎಲ್ಲೆಂದರಲ್ಲಿ ಬೀಳುವ ಬಚ್ಚನೇ ಒಳಗೆ ಸೊಂಟ ಮುರಿದುಕೊಂಡು ಬಿದ್ದಿರಬೇಕು ಎಂದುಕೊಂಡಳಂತೆ ಅವಳು. ಬೇರೆ ಹೇಗೆ ಅಂದುಕೊಳ್ಳಬೇಕಿತ್ತು? ಆ ಮಾತಿನಲ್ಲಿ ಕರೆದವರು ನಮ್ಮವರೇ. ನಮ್ಮ ಹಿರಿಯರ ಕಾಲದಿಂದ ಒಮ್ಮೆಯೂ ಅದು ತಪ್ಪಿರಲಿಲ್ಲ. ಸಿರಿವಂತರ ಮಗಳಾಗಿದ್ದರೆ ಕತ್ತಲೆ ಕೋಣೆಗೆ ನುಗ್ಗುವ ಮೊದಲು ಯಾರು ಎಂದು ಕೇಳುತ್ತಿದ್ದಳೇನೋ. ನಮ್ಮವಳು ಹೊರೆ ಇಳಿಸಿ, ತಲೆ ಬಗ್ಗಿಸಿ ಒಳಗೆ ಹೋದಳು. ಹಿಂದೆ ಬಾಗಿಲಿನ ತಟ್ಟಿ ಮುಚ್ಚಿತು.

ಒಳಗೆ ಆದದ್ದನ್ನು ಅವಳು ಪೂರ್ತಿ ಹೇಳಲಿಲ್ಲ. ನಾನು ಕೇಳಲಿಲ್ಲ. ಹರಿದ ತುಟಿ, ಕುತ್ತಿಗೆಯ ಮೇಲಿನ ಬೆರಳಿನ ಗುರುತು, ತೊಡೆಯ ಮೇಲೆ ಒಣಗಿದ ರಕ್ತ, ಇವು ಸಾಕಿದ್ದವು. ಮುಟ್ಟಿದರೆ ಮೈಲಿಗೆ ಎನ್ನುವವರ ಮೈಲಿಗೆ ಆ ತಟ್ಟಿಯ ಒಳಗೆ ಬರುವುದಿಲ್ಲ ಎಂದು ಮಾತ್ರ ಬರೆದುಕೊಳ್ಳಿ. ಕೊನೆಗೆ ಅವಳ ಕೈಗೆ ಸೊಂಟದ ಕತ್ತಿ ಸಿಕ್ಕಿತ್ತು. ಬೀಳು ಕಡಿಯುವ ಬಾಗಿದ ಕತ್ತಿ. ಚಂದಯ್ಯನ ಕಿವಿಯಿಂದ ಗಲ್ಲದವರೆಗೆ ಅವಳು ಒಂದೇ ಎಳೆತಕ್ಕೆ ಸೀಳಿದಳು. ಅವನ ಹಲ್ಲುಗಳು ಕೆನ್ನೆಯ ಹೊರಗಿಂದ ಕಂಡವಂತೆ. ಆ ಒಂದು ಮಾತು ಹೇಳುವಾಗ ಸುಗುಣಳ ಕಣ್ಣಿನಲ್ಲಿ ನೀರಿರಲಿಲ್ಲ.

ಅತ್ತದ್ದು ಬೇರೆಯದಕ್ಕೆ. "ಅತ್ಗೆ, ನಮ್ಮ್ ಮಾತಂಗ್ ಕರ್ದ. ನಮ್ಮ್ ಮಾತಂಗೇ ಕರ್ದ. ಅದ್ಕೆ ಹೋದೆ ನಾನ್," ಎಂದು ಅದನ್ನೇ ಹೇಳಿದಳು. ನನ್ನ ಮೊಣಕಾಲು ಹಿಡಿದುಕೊಂಡು, ಗದರಿಸಿಕೊಂಡ ಮಗುವಿನ ಹಾಗೆ, ತನ್ನದೇ ತಪ್ಪೆಂಬಂತೆ ಹೇಳಿದಳು.

ಅಮ್ಮಣಿ ಅಳಲಿಲ್ಲ. ಮಗಳ ಮೈ ತೊಳೆದಳು, ಹರಿದ ಸೀರೆಯನ್ನು ಬಿಗಿಯಾಗಿ ಸುತ್ತಿ ಗಂಟು ಹಾಕಿದಳು. ಒಡೆಯರ ಜನದ ರಕ್ತ ಚೆಲ್ಲಿದ ಕೊರಗ ಹೆಣ್ಣು ಊರಿನಲ್ಲಿ ಬದುಕುವುದಿಲ್ಲ. ಘಟ್ಟದ ಮೇಲೆ ಕಾಫಿ ತೋಟದಲ್ಲಿ ಬುಟ್ಟಿ ನೇಯುವ ನಮ್ಮವರಿದ್ದಾರೆ, ಅಲ್ಲಿಗೆ ಮುಟ್ಟಿಸಬೇಕು. ಅಲ್ಲಿಯವರೆಗೆ ಕಾಡು.

"ಹಳ್ಳದ್ ಮೇಲ್ಗಡೆ ಕಲ್ಲಿನ್ ಎಡಿಯಂಗೆ ಅಡ್ಗಿರ್ ಮಗಾ. ಇವ್ರ್ ಹುಡ್ಕಿ ಹೋದ್ ಮೇಲೆ ನಾನ್ ಕರೀತೆ. ನಾ ಕರ್ದ್ರೆ ಇಳ್ದ್ ಬಾ. ಸೂರ ಘಟ್ಟ ಹತ್ತಿಸ್ತ. ಅಲ್ಲಿವರಿಗೂ ಉಸ್ರ್ ಎತ್ಬೇಡ."

ಸುಗುಣ ತಲೆಯಾಡಿಸಿದಳು. ಒಂದು ಹಿಡಿ ಅವಲಕ್ಕಿ ಸೆರಗಿಗೆ ಕಟ್ಟಿಕೊಂಡು ಕಾಡು ಹತ್ತಿದಳು. ವಿಷ್ಣುಮೂರ್ತಿ ಮಕ್ಕಳಿಗೆ ಕೊಟ್ಟದ್ದರಲ್ಲಿ ಉಳಿದಿದ್ದ ಅವಲಕ್ಕಿ ಅದು.

*

ವೈಕುಂಠಯ್ಯ ಜನ ಕಟ್ಟಿಕೊಂಡು ಬಂದಾಗ ನಾವು ಓಡಲಿಲ್ಲ. ಓಡಿದರೆ ಕಾಡಿಗೇ ಓಡಬೇಕು, ಅವಳಿದ್ದಲ್ಲಿಗೆ ದಾರಿ ತೋರಿಸಿದ ಹಾಗಾಗುತ್ತದೆ.

ಮೊದಲು ಕೊಪ್ಪಗಳಿಗೆ ಬೆಂಕಿ ಹಾಕಿದರು. ಒಣಗಿದ ಸೊಪ್ಪು, ಹಿಡಿಯಲು ಹೊತ್ತು ಬೇಕಾಗಲಿಲ್ಲ. ನೇಯ್ದಿಟ್ಟ ಹೆಡಿಗೆಗಳೆಲ್ಲ ಉರಿದವು. ನಮ್ಮ ಡೋಲುಗಳು ಬಿಸಿಗೆ ಸಿಡಿದವು. ಬಚ್ಚ ಡೋಲು ತರಲು ಒಳಗೆ ನುಗ್ಗಿದಾಗ ಒಬ್ಬ ಅವನನ್ನು ಕಾಲಿನಿಂದ ಒದ್ದು ಬೆಂಕಿಗೇ ತಳ್ಳಿದ. ಕೂದಲು ಸುಟ್ಟುಕೊಂಡು ಅವನು ಹೊರಳಿ ಹೊರಬಿದ್ದ.

ಸೂರನನ್ನು ಹೊನ್ನೆ ಮರಕ್ಕೆ ಕಟ್ಟಿದರು. ವೈಕುಂಠಯ್ಯ ಉದ್ದದ ಬಿದಿರಿನಿಂದ ದೂರ ನಿಂತು ಹೊಡೆಯಲು ಶುರು ಮಾಡಿದ. ಸ್ವಲ್ಪ ಹೊತ್ತಿಗೆ ಬಿದಿರು ಸೀಳಿಹೋಯಿತು. ಆಗ ಹತ್ತಿರ ಬಂದ. ಕೈಯಿಂದ ಹೊಡೆದ, ಜನಿವಾರ ಬೆನ್ನಿಗೆ ತಿರುಗಿ ಬೀಳುವ ಹಾಗೆ ಕಾಲೆತ್ತಿ ಹೊಟ್ಟೆಗೆ ಒದ್ದ. ಸೂರನ ಬಾಯಿಯ ರಕ್ತ ವೈಕುಂಠಯ್ಯನ ಎದೆಗೆ ಸಿಡಿಯಿತು. ಅದನ್ನು ಒರೆಸಿಕೊಳ್ಳುವುದೂ ಅವನಿಗೆ ನೆನಪಾಗಲಿಲ್ಲ.

"ಎಲ್ಲ್ ಅಡ್ಗ್ಸಿದ್ರಿಯಾ ಆ ರಂಡಿನ್? ಹೇಳಾ ಸೂಳಿಮಗ್ನೆ!"

"ಗೊತಿಲ್ಲ ಒಡ್ಯಾ."

"ನಮ್ಮ್ ಚಂದಯ್ನ್ ಮುಖ ಸೀಳುವಷ್ಟ್ ಕೊಬ್ಬ್ ಬಂತಾ ನಿಮ್ಗೆ? ನಮ್ಮ್ ಎಂಜ್ಲ್ ತಿಂದ್ ಬೆಳ್ದ್ ನಾಯ್ಗಳಿಗೆ?"

"ಗೊತಿಲ್ಲ ಒಡ್ಯಾ."

ಪಕ್ಕೆಯ ಎಲುಬು ಮುರಿದ ಸದ್ದು ನನಗೂ ಕೇಳಿತು. ನಾನು ಓಡಿ ಹೋಗಿ ಅವನನ್ನು ತಬ್ಬಿಕೊಂಡೆ. ನನ್ನ ಕೂದಲು ಹಿಡಿದು ಎಳೆದು ಗದ್ದೆಗೆ ಬಿಸಾಡಿದರು. ಮುಖಕ್ಕೆ ವಸ್ತ್ರ ಸುತ್ತಿಕೊಂಡು ಅಲ್ಲೇ ಕುಳಿತಿದ್ದ ಚಂದಯ್ಯ ಎದ್ದು ಬಂದು, ಮಾತಾಡಲಾಗದೆ, ನನ್ನ ಬೆನ್ನಿಗೆ ಕಾಲಿಟ್ಟು ನಿಂತ.

ಅಷ್ಟರಲ್ಲಿ ವಿಷ್ಣುಮೂರ್ತಿ ಓಡಿ ಬಂದ. ಪಂಚೆ ಕಾಲಿಗೆ ಸಿಕ್ಕಿ ಎಡವಿದ. "ಮಾವಯ್ಯ! ಸಾಕು! ಇವರೂ ಮನುಷ್ಯರು!" ಎಂದು ಸೂರನಿಗೂ ವೈಕುಂಠಯ್ಯನಿಗೂ ನಡುವೆ ಅಡ್ಡ ನಿಂತ. ಅವನ ಕಣ್ಣು ನಿಜವಾಗಿ ತೇವವಾಗಿತ್ತು. ಇವನು ಉಳಿಸುತ್ತಾನೆ ಎಂದು ನನಗೆ ಆ ಕ್ಷಣ ಅನ್ನಿಸಿತು. ಸುಳ್ಳು ಹೇಳುವುದಿಲ್ಲ, ಹಾಗೇ ಅನ್ನಿಸಿತು.

"ಅಡ್ಡ ಬರ್ಬೇಡ. ಆ ಹೆಣ್ಣ್ ಸಿಕ್ಕೂ ವರಿಗೆ ಇವ್ನ್ ಜೀವ ತೆಗೀತೆ ನಾನ್."

"ಹೊಡೆಯೂದ್ ಎಂತಕ್ಕೆ ಮಾವಯ್ಯ? ಹಿಂಸೆಯೇ ಬೇಡ." ವಿಷ್ಣುಮೂರ್ತಿ ಉಸಿರು ತೆಗೆದುಕೊಂಡ. "ಅವಳು ತಾನಾಗಿ ಬತ್ಲ್. ಅವರ ಕರೆ ನಂಗೆ ಬತ್ತ್. ನಾನು ಕರೀತೆ."

ವೈಕುಂಠಯ್ಯನ ಕೈ ಅಲ್ಲೇ ನಿಂತಿತು.

"ಆದ್ರೆ ಒಂದು ಮಾತು. ಅವಳ ಮೇಲೆ ಕೈ ಮಾಡುಕಾಗ. ಠಾಣೆಗೆ ಒಪ್ಸಿ. ಕಾನೂನಿದೆ."

"ಆಯ್ತ್ ಮಾರಾಯ, ಆಯ್ತ್. ಕೈ ಮಾಡುದೆ ಇಲ್ಲ," ಎಂದ ವೈಕುಂಠಯ್ಯ. ಸುತ್ತ ನಿಂತವರು ನಕ್ಕರು. ವಿಷ್ಣುಮೂರ್ತಿಗೆ ಆ ನಗು ಕೇಳಿಸಲಿಲ್ಲವೋ, ಕೇಳಿಸಿದ್ದನ್ನು ಬೇಡವೆಂದು ಬಿಟ್ಟನೋ. ಅಷ್ಟು ಭಾಷೆ ಬಲ್ಲವನಿಗೆ ಆ ನಗು ತಿಳಿಯಲಿಲ್ಲ.

*

ಸೂರ ಮರದಲ್ಲೇ ನೇತಾಡುತ್ತಿದ್ದ. ನಮ್ಮನ್ನೆಲ್ಲ ಗದ್ದೆಯ ಅಂಚಿನಲ್ಲಿ ಕೂರಿಸಿದರು. ನಮ್ಮ ಭಾಷೆಯಲ್ಲಿ ಯಾರಾದರೂ ತುಟಿ ಬಿಚ್ಚಿದರೆ ಸೂರನ ಕುತ್ತಿಗೆ ಕಡಿಯುವುದಾಗಿ ಹೇಳಿದರು. ದೊಣ್ಣೆ, ಕತ್ತಿ ಹಿಡಿದವರು ಕಾಡಿನ ಬುಡದ ಪೊದೆಗಳಲ್ಲಿ ಅಡಗಿದರು. ವಿಷ್ಣುಮೂರ್ತಿ ಮುಂದೆ ಹೋಗಿ ನಿಂತು ಕಿವಿಗೆ ಕೈಯಿಟ್ಟು ಕೂಗಿದ.

ಚೆನ್ನಾಗಿ ಕೂಗಿದ, ಅದನ್ನು ಒಪ್ಪಿಕೊಳ್ಳಲೇಬೇಕು. ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದ, ಎಲ್ಲಿ ಬಿಡಬೇಕೋ ಅಲ್ಲಿ ಬಿಟ್ಟ. ಬಾ, ನಾವೇ ಇರುವುದು, ಬೇರೆ ಯಾರೂ ಇಲ್ಲ. ಕೂಗು ಗುಡ್ಡೆಗೆ ಬಡಿದು ಹಳ್ಳಕ್ಕೆ ಇಳಿಯಿತು. ಅಷ್ಟು ದೂರಕ್ಕೆ ಹೋದ ಮೇಲೆ ಅದು ಯಾರ ಗಂಟಲು ಎಂದು ಗೊತ್ತಾಗುವುದಿಲ್ಲ. ಮಾತು ಯಾರದೆಂದು ಮಾತ್ರ ಗೊತ್ತಾಗುತ್ತದೆ. ನನ್ನ ಬದಿಯಲ್ಲಿ ಅಮ್ಮಣಿ ಹಳ್ಳದ ಕಡೆಗೇ ಕಣ್ಣು ನೆಟ್ಟಿದ್ದಳು. ನಾನು ಕರೆದರೆ ಬಾ ಎಂದು ಮಗಳಿಗೆ ಹೇಳಿ ಕಳಿಸಿದವಳು ಅವಳೇ.

ಕಾಡು ಸುಮ್ಮನಿತ್ತು. ವಿಷ್ಣುಮೂರ್ತಿ ಮತ್ತೆ ಕೂಗಿದ.

ಹಳ್ಳದ ಮೇಲ್ಗಡೆ ಪೊದೆ ಅಲುಗಿತು. ಸ್ವಲ್ಪ ಕೆಳಗೆ ಇನ್ನೊಂದು. ಅವಳು ಇಳಿಯುತ್ತಿದ್ದಳು. ನಾವು ಕಂಡದ್ದನ್ನೇ ವೈಕುಂಠಯ್ಯನೂ ಕಂಡ. ತುಟಿ ಒದ್ದೆ ಮಾಡಿಕೊಂಡ.

ಬರಬೇಡ ಎಂದು ನಮ್ಮ ಮಾತಿನಲ್ಲಿ ಕೂಗಿದರೆ? ಸೂರನ ಕುತ್ತಿಗೆ ಹೋಗುತ್ತದೆ, ಅದಿರಲಿ. ಅಷ್ಟು ದೂರಕ್ಕೆ ಬಾ ಎಂದೋ ಬರಬೇಡ ಎಂದೋ ಬಿಡಿಸಿ ಕೇಳುವುದಿಲ್ಲ. ನಮ್ಮ ಮಾತಿನ ಎಳೆತ ಕೇಳುತ್ತದೆ, ನಮ್ಮವರು ಕೆಳಗಿದ್ದಾರೆ ಎಂದು ಅವಳು ಇನ್ನೂ ಬೇಗ ಇಳಿಯುತ್ತಾಳೆ. ಕಾಡಿನಲ್ಲಿ ನಾವು ಹೆದರಿ ಓಡುವುದು ಹುಲಿಗಲ್ಲ, ಕನ್ನಡಕ್ಕೆ. ಕಾಡಿನಲ್ಲಿ ಕನ್ನಡ ಕೇಳಿತೆಂದರೆ ಗಾರ್ಡು ಬಂದ, ಒಡೆಯರ ಜನ ಬಂದರು, ಹೊರೆ ಬಿಟ್ಟು ಮೇಲಕ್ಕೆ ಓಡು. ನಮ್ಮಲ್ಲಿ ಹಾಲು ಕುಡಿಯುವ ಮಗುವೂ ಕನ್ನಡ ಕೇಳಿದರೆ ಅಳು ನಿಲ್ಲಿಸುತ್ತದೆ.

ಅಮ್ಮಣಿ ಎದ್ದು ನಿಂತಳು.

ಅವಳಿಗೆ ಕನ್ನಡ ಎಂದರೆ ಹೌದ್ ಒಡ್ಯಾ, ಬತ್ತೆ ಒಡ್ಯಾ, ತಪ್ಪಾಯ್ತ್ ಒಡ್ಯಾ. ಬಾಯಿಂದ ಹೊರಗೆ ಬಂದದ್ದು ಅಷ್ಟೇ. ಕಿವಿಯೊಳಗೆ ಹೋದದ್ದು ಬೇರೆ. ಹುಟ್ಟಿದಾಗಿನಿಂದ ಆ ದಣಪೆಯ ಹೊರಗೆ ನಿಂತು ಕೇಳಿದ ಕನ್ನಡವೆಲ್ಲ ಒಳಗೇ ಇತ್ತು.

"ಏ ಬೋಳಿಮಗ್ನೆ ವೈಕುಂಠಾ!"

ಗಂಟಲು ಹರಿಯುವ ಹಾಗೆ ಕೂಗಿದಳು. ಗದ್ದೆಯಲ್ಲಿದ್ದವರೆಲ್ಲ ಅವಳ ಕಡೆ ತಿರುಗಿದರು. ಅವನ ಹೆಂಡತಿಯೂ ಬಾಯಲ್ಲಿ ಹೇಳದ ಹೆಸರು ಅದು.

"ಸೂಳಿಮಗ್ನೆ! ಹಡ್ಬಿಟ್ಟಿ ನಾಯಿ! ನಮ್ಮ್ ಬೆವ್ರ್ ಉಂಡ್ ಬೆಳ್ದ್ ಹೊಟ್ಟಿ ನಿಂದ್! ನಿನ್ನ್ ಬಾಯಂಗೆ ಹುಳ ಬೀಳ್ಲಿ! ನಿನ್ನ್ ಮನಿ ಹೊತ್ಕಂಡ್ ಉರ್ದ್ ಹೋಯ್ಲಿ! ಬೇವರ್ಸಿ! ಎಂತ ಕಾಂತ್ಯಾ ಕಣ್ಣ್ ಬಿಟ್ಕಂಡ್?"

ಅರ್ಧ ಅವನದೇ ಮಾತು. ಅವನು ನಮಗೆ ಕೊಟ್ಟದ್ದನ್ನೇ ಅವಳು ಒಂದೂ ಉಳಿಸದೆ ತಿರುಗಿ ಕೊಟ್ಟಳು. ಒಬ್ಬ ಓಡಿ ಬಂದು ಅವಳ ಕಾಲಿಗೆ ದೊಣ್ಣೆ ಬೀಸಿದ. ಬಿದ್ದಳು. ಬಿದ್ದಲ್ಲಿಂದಲೇ ಕೂಗಿದಳು. ಆಗ ಕೂದಲು ಸುಟ್ಟ ಬಚ್ಚ ಎದ್ದ. "ಹ್ವಾಯ್ ಚಂದಯ್ಯಾ! ಹೆಣ್ಣಿನ್ ಕತ್ತಿಗೆ ಮುಖ ಕೊಟ್ ಗಂಡ್ಸೆ! ಥೂ ನಿನ್ನ್ ಜನ್ಮಕ್ಕೆ!" ಎಂದ. ಅವನ ಹಿಂದೆ ಉಳಿದವರೂ ಎದ್ದರು, ಹೆಂಗಸರು, ಮುದುಕಿಯರು. ಯಾರಿಗೆ ಎಷ್ಟು ಕನ್ನಡದ ಬೈಗುಳ ಗೊತ್ತಿತ್ತೋ ಅಷ್ಟನ್ನೂ ಕಾಡಿನ ಕಡೆ ಮುಖ ಮಾಡಿ ಕೂಗಿದರು. ಮರಕ್ಕೆ ಕಟ್ಟಿದ್ದ ಸೂರ ತಲೆಯೆತ್ತಿ ರಕ್ತ ಉಗಿದು, "ಬೋಳಿಮಕ್ಳೆ!" ಎಂದ. ಅವನಿಂದ ಅಷ್ಟೇ ಆಯಿತು.

"ಸುಮ್ನಿರಿ! ಸುಮ್ನಿರಿ! ಅವಳಿಗೆ ನನ್ನ ಕರೆ ಕೇಳೂದಿಲ್ಲ!" ವಿಷ್ಣುಮೂರ್ತಿ ಎರಡೂ ಕೈ ಆಡಿಸುತ್ತಿದ್ದ. "ನಿಮ್ಮ ಒಳ್ಳೇದಕ್ಕೇ ಹೇಳೂದು!"

ಮೇಲೆ ಪೊದೆ ಅಲುಗುವುದು ನಿಂತಿತು. ಆಮೇಲೆ ಮೇಲ್ಗಡೆಯದೊಂದು ಅಲುಗಿತು. ಅದರ ಮೇಲಿನದು ಅಲುಗಿತು. ಅವಳು ಹತ್ತುತ್ತಿದ್ದಳು.

ವೈಕುಂಠಯ್ಯ ಅಂಚಿನ ಕಲ್ಲೊಂದನ್ನು ಕಿತ್ತು, ಈ ಸಲ ದೂರದಿಂದಲ್ಲ, ಹತ್ತಿರ ಬಂದು, ಬಗ್ಗಿ, ಅಮ್ಮಣಿಯ ಬಾಯಿಗೆ ಹೊಡೆದ. ಮತ್ತೆ ಹೊಡೆದ. ಅವಳ ಹಲ್ಲು ಕೆಸರಿಗೆ ಬಿದ್ದವು. ಅವಳ ಸ್ವರ ನಿಂತಿತು. ಅದನ್ನು ಕಂಡು ಬಚ್ಚ ಬಾಯಿ ಮುಚ್ಚಿದ. ಉಳಿದವರೂ ಮುಚ್ಚಿದರು. ಉರಿಯುವ ಕೊಪ್ಪದ ಚಟಚಟ ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಆ ಮೌನ ಸಿಕ್ಕಿದ್ದೇ ಸಾಕೆಂದು ವಿಷ್ಣುಮೂರ್ತಿ ಕಿವಿಗೆ ಕೈಯಿಟ್ಟ. ನಮ್ಮ ಕೂಗು ಕಾಡಿಗೆ ಹೋಯಿತು. ಬಾ, ನಾವೇ ಇರುವುದು.

ಮೇಲೆ ಪೊದೆ ನಿಂತಿತು. ಹತ್ತುವುದೋ ಇಳಿಯುವುದೋ ಎಂದು ತಿಳಿಯದೆ ಅವಳು ನಿಂತಿದ್ದಳು.

ಅಂಚಿನಲ್ಲಿ ಕೂರಿಸಿದ ಮೇಲೂ ಚಂದಯ್ಯ ಹಿಂದೆ ನಿಂತು ನನ್ನ ಬೆನ್ನಿಗೆ ಕಾಲು ಒತ್ತಿಕೊಂಡೇ ಇದ್ದ. ಅದನ್ನು ಕೊಡವಿ ಎದ್ದೆ. ವೈಕುಂಠಯ್ಯನ ಕಣ್ಣಿಗೆ ಕಣ್ಣು ಕೊಟ್ಟು ನೋಡಿದೆ. ಅವನ ಕೈಯಲ್ಲಿ ಅಮ್ಮಣಿಯ ರಕ್ತದ ಕಲ್ಲು ಹಾಗೇ ಇತ್ತು.

"ಹ್ವಾಯ್ ವೈಕುಂಠಾ! ಇಲ್ಲ್ ಕಾಣಾ, ಬೋಳಿಮಗ್ನೆ!" ಎಂದು ಕಾಡಿಗೆ ಕೇಳುವ ಹಾಗೆ ಶುರು ಮಾಡಿದೆ.

ಕಲ್ಲು ಎತ್ತಿಕೊಂಡು ಅವನು ನನ್ನ ಕಡೆ ಬಂದ. ನಾನು ಮುಂದಿನ ಬೈಗುಳ ಹೇಳಿದೆ.